ಮೆತ್ತಗಾದ ಬೆಲ್ಟು

ನಮ್ಮ ಅತ್ತಿಗೆಗೆ ಕಾರ್ಖಾನೆಯಲ್ಲಿ ಬೆಣ್ಣೆಕೈ ಎಂದು ಹೆಸರಿತ್ತು. ಈಗ ಆ ಹೆಸರಿನಿಂದ ಯಾರೂ ಕರೆಯುವುದಿಲ್ಲ, ಕರೆದವರನ್ನು ನಾನು ಸುಮ್ಮನೆ ಬಿಡುವುದೂ ಇಲ್ಲ. ಅವಳು ನನ್ನ ಅಣ್ಣನ ಹೆಂಡತಿ. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ದಿನಕ್ಕೊಂದು ಸಲ ಜಗಳವಾಡಿಕೊಂಡು ಬದುಕಿದವರು ನಾವು. ಅವಳ ವಿಷಯದಲ್ಲಿ ಜನ ಬಾಯಿಗೆ ಬಂದದ್ದನ್ನು ಆಡುತ್ತಾರೆ. ನಡೆದದ್ದನ್ನು ನಡೆದ ಹಾಗೆ ಹೇಳುವವರು ಒಬ್ಬರಾದರೂ ಇರಲಿ ಎಂದು ನಾನೇ ಹೇಳುತ್ತಿದ್ದೇನೆ.

ನಮ್ಮದು ಪಾಲಿಯೆಸ್ಟರ್ ಬಟ್ಟೆಯ ಕಾರ್ಖಾನೆ. ಆಗಷ್ಟೇ ಮಗ್ಗದಿಂದ ಇಳಿದ ಪಾಲಿಯೆಸ್ಟರನ್ನು ನೀವು ಮುಟ್ಟಿ ನೋಡಿದ್ದೀರೋ ಇಲ್ಲವೋ, ಕೈಗೆ ಒರಟು, ಕಾಗದದ ಹಾಗೆ ಸರಬರ ಎನ್ನುತ್ತದೆ. ಅದನ್ನು ಯಾರು ಮೈಮೇಲೆ ಹಾಕಿಕೊಳ್ಳುತ್ತಾರೆ? ಅದಕ್ಕೇ ಕಾಸ್ಟಿಕ್ ಸೋಡಾ ಕರಗಿಸಿದ ಕುದಿನೀರಿನ ತೊಟ್ಟಿಯಲ್ಲಿ ಹಾಕಿ ಬೇಯಿಸುತ್ತಾರೆ. ಸೋಡಾ ಒಂದೊಂದು ಎಳೆಯನ್ನೂ ಹೊರಗಿನಿಂದ ತಿಂದು ಸಣ್ಣ ಮಾಡುತ್ತದೆ. ಬಟ್ಟೆಯ ತೂಕದಲ್ಲಿ ಐದನೇ ಒಂದು ಪಾಲು ಕೊಳೆನೀರಿನ ಜೊತೆ ಚರಂಡಿ ಸೇರುತ್ತದೆ. ಉಳಿದದ್ದು ರೇಷ್ಮೆ ಎಂದರೂ ಜನ ನಂಬುವಷ್ಟು ನಯವಾಗಿರುತ್ತದೆ. ಕಾರ್ಖಾನೆಯಲ್ಲಿ ಆ ವಿಭಾಗವನ್ನು ತೂಕ ಇಳಿಸೋ ಮನೆ ಎನ್ನುತ್ತಾರೆ. ಅತ್ತಿಗೆ ಅಲ್ಲಿ ತೊಟ್ಟಿ ನೋಡಿಕೊಳ್ಳುತ್ತಿದ್ದಳು, ನಾನು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ.

ತೊಟ್ಟಿಗೆ ಗಡಿಯಾರವೂ ಇತ್ತು, ಕಾವು ತೋರಿಸುವ ಮುಳ್ಳೂ ಇತ್ತು. ಅತ್ತಿಗೆ ಎರಡನ್ನೂ ನೋಡಿ, ಆಮೇಲೆ ಬಟ್ಟೆಯ ಒಂದು ಮೂಲೆಯನ್ನು ಕೋಲಿನಿಂದ ಎತ್ತಿ, ತಣ್ಣೀರಲ್ಲಿ ಅದ್ದಿ, ಹೆಬ್ಬೆರಳಿನಿಂದ ತಿಕ್ಕಿ, "ಇನ್ನೂ ಹಸೀದು" ಎಂದೋ "ಸಾಕು, ತೆಗೀರಿ" ಎಂದೋ ಹೇಳುತ್ತಿದ್ದಳು. ಬೆಣ್ಣೆಕೈ ಎಂಬ ಹೆಸರು ಬಂದದ್ದು ಇದಕ್ಕೇ. ಅವಳ ಕೈಗಳು ಮಾತ್ರ ಸೋಡಾ ಹತ್ತಿ ಹತ್ತಿ ಬಿರುಕುಬಿಟ್ಟು ಕಟ್ಟಿಗೆಯಂತಾಗಿದ್ದವು. ಆ ಮನೆಯಲ್ಲಿ ಕೆಲಸ ಮಾಡುವವರಿಗೆ ಒಳ್ಳೆಯದು ಎಂದರೆ ಮೆತ್ತಗಿರುವುದು, ಒರಟು ಎಂದರೆ ಕೆಲಸ ಇನ್ನೂ ಬಾಕಿ ಇದೆ ಎಂದು. ವರ್ಷಗಟ್ಟಲೆ ಅದನ್ನೇ ಮಾಡಿದರೆ ತಲೆಗೂ ಅದೇ ಹತ್ತುತ್ತದೆ. ಮನೆಯಲ್ಲಿ ದಿಂಬಿನ ಚೀಲ ಒರಟಾದರೂ ಅವಳ ಕೈ ತುರಿಸುತ್ತಿತ್ತು.

ಅಣ್ಣನದು ಎತ್ತರದ ಕಟ್ಟಡಗಳ ಹೊರಗೋಡೆ ತೊಳೆಯುವ ಕೆಲಸ. ತಾರಸಿಯಿಂದ ಹಗ್ಗ ಇಳಿಬಿಟ್ಟು, ಅದರಲ್ಲಿ ಜೋತುಬಿದ್ದು, ಗಾಜು ಒರೆಸುತ್ತ ಕೆಳಗಿಳಿಯಬೇಕು. ಹಗ್ಗ ಎರಡಿರುತ್ತವೆ, ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯಲಿ ಎಂದು. ಆದರೆ ಎರಡು ಹಗ್ಗವೂ ಬಂದು ಸೇರುವುದು ಒಂದೇ ಬೆಲ್ಟಿಗೆ. ಸೊಂಟಕ್ಕೊಂದು ಪಟ್ಟಿ, ಎದೆಗೊಂದು, ತೊಡೆಗಳಿಗೆ ಒಂದೊಂದು, ಎಲ್ಲವನ್ನೂ ಒಂದಕ್ಕೊಂದು ಸೇರಿಸಿ ಹೊಲಿದ ಬೆಲ್ಟು. ಬೆಲ್ಟೇ ಹೋದರೆ ಹಗ್ಗ ಎಷ್ಟಿದ್ದರೇನು?

ಆ ವರ್ಷ ಅವರಿಗೆಲ್ಲ ಹೊಸ ಬೆಲ್ಟು ಕೊಟ್ಟರು. ಕಿತ್ತಳೆ ಬಣ್ಣ, ಅಗಲ ಪಟ್ಟಿ, ಅದೂ ಪಾಲಿಯೆಸ್ಟರೇ. ಹಲಗೆಯ ಹಾಗೆ ಸೆಟೆದುಕೊಂಡಿರುತ್ತಿತ್ತು. ಅಣ್ಣ ಸಂಜೆ ಮನೆಗೆ ಬಂದರೆ ಕಾಲಗಲಿಸಿ ನಡೆಯುತ್ತಿದ್ದ. ತೊಡೆಯ ಸಂದಿಯಲ್ಲಿ ಚರ್ಮ ಸುಲಿದು ಕೆಂಪಾಗಿರುತ್ತಿತ್ತು.

"ಗರಗಸದ ಮೇಲೆ ಕೂತು ಇಳಿದ ಹಾಗಾಗುತ್ತೆ ಕಣೇ" ಎಂದು ಹಲ್ಲು ಕಚ್ಚಿಕೊಂಡು ಅತ್ತಿಗೆಯಿಂದ ಮುಲಾಮು ಹಚ್ಚಿಸಿಕೊಳ್ಳುತ್ತಿದ್ದ.

"ಮತ್ತೆ ಬೇರೆ ಕೇಳಬಾರದಾ?"

"ಕೇಳಿದ್ದಕ್ಕೆ ಮೇಸ್ತ್ರಿ ಏನಂದ ಗೊತ್ತಾ? ಬೆಲ್ಟು ಗಟ್ಟಿ ಇರಬೇಕೋ, ನಿನ್ನ ತೊಡೆ ಗಟ್ಟಿ ಇರಬೇಕೋ ಅಂದ."

ಅತ್ತಿಗೆ ನಗಲಿಲ್ಲ. ಬೆಲ್ಟಿನ ಪಟ್ಟಿಯನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು. "ಇದು ಬರೀ ಹಸೀದು" ಎಂದಳು. ಅವಳ ಕಣ್ಣಿಗೆ ಅದು ತೊಟ್ಟಿಗೆ ಬೀಳದ ಬಟ್ಟೆ, ಅಷ್ಟೆ.

ಅಣ್ಣನ ರಜೆಯ ದಿನ ಅವಳು ಬೆಲ್ಟನ್ನು ಚೀಲಕ್ಕೆ ತುರುಕಿಕೊಂಡು ಕೆಲಸಕ್ಕೆ ತಂದಳು. ತೂಕ ಇಳಿಸೋ ಮನೆಯ ಮೂಲೆಯಲ್ಲಿ ಮಾದರಿ ತುಂಡುಗಳನ್ನು ಬೇಯಿಸುವ ಸಣ್ಣ ಪಾತ್ರೆಯೊಂದಿದೆ, ಅದರಲ್ಲಿ ಹಾಕಿದಳು. ಪಟ್ಟಿ ದಪ್ಪ, ಬೇಗ ಬೇಯುವುದಿಲ್ಲ ಎಂದು ಹೊತ್ತನ್ನು ದುಪ್ಪಟ್ಟು ಮಾಡಿದಳು. ಸೋಡಾ ಚುರುಕಾಗಿ ಕಚ್ಚಲಿ ಎಂದು ಬೆರೆಸುವ ದ್ರಾವಣವನ್ನೂ ಒಂದು ಲೋಟ ಸುರಿದಳು. ಬಟ್ಟೆಯಾದರೆ ರೋಲರಿನ ಮೇಲೆ ಬಿಗಿಯಾಗಿ ಓಡುತ್ತದೆ. ಇದು ಪಾತ್ರೆಯ ತಳದಲ್ಲಿ ಸಡಿಲವಾಗಿ ಸುರುಳಿ ಸುತ್ತಿಕೊಂಡು ಬೆಂದಿತು. ಆಮೇಲೆ ತೊಳೆದು ನೆರಳಲ್ಲಿ ಒಣಗಿಸಿದಳು.

ಸಂಜೆ ಬೆಲ್ಟು ನನ್ನ ಕೈಗೆ ಕೊಟ್ಟು, "ಹೇಗಿದೆ ಹೇಳು" ಎಂದಳು. ಬೆಳಿಗ್ಗೆ ಬುಸುಗುಡುವ ಹಾವಿನ ಹಾಗಿದ್ದದ್ದು ಈಗ ಸತ್ತ ಹಾವಿನ ಹಾಗೆ ನನ್ನ ತೋಳಿನ ಮೇಲೆ ಜೋತುಬಿದ್ದಿತು. ನನಗೆ ಯಾಕೋ ಅದನ್ನು ಹಿಡಿದುಕೊಳ್ಳುವುದೇ ಬೇಡವೆನ್ನಿಸಿತು.

"ಗಿಡ್ಡ ಆಗಿದೆಯಲ್ಲೇ?" ಎಂದೆ.

"ಎರಡು ಬೆರಳು. ನಿಮ್ಮಣ್ಣನ ಹೊಟ್ಟೆ ಅಷ್ಟು ಬೆಳೆದಿದೆ ಅಂದ್ಕೋ."

ಮಾರನೆಯ ದಿನ ಅಣ್ಣ ಕುಣಿಯುತ್ತ ಬಂದ. ಅವನ ಹಿಂದೆಯೇ ಅವನ ಜೊತೆಗಾರ, ಆನೆಮರಿ. ಮೈಯಲ್ಲಿ ಅಣ್ಣನ ಒಂದೂವರೆ ಪಟ್ಟು ಇದ್ದುದಕ್ಕೆ ಎಲ್ಲರೂ ಹಾಗೆ ಕರೆಯುತ್ತಿದ್ದರು, ಹೆತ್ತ ತಾಯಿ ಕೂಡ. ಅಷ್ಟು ದಪ್ಪದ ಮೈಗೆ ಹಗ್ಗದ ಮೇಲೆ ಹೆದರಿಕೆಯೇ ಇರಲಿಲ್ಲ. ಪರಿಚಯದವರು ಕಂಡರೆ ಸಾಕು, ಎರಡೂ ಕಾಲಿನಿಂದ ಗೋಡೆಯನ್ನು ಒದ್ದು, ಗಾಳಿಯಲ್ಲಿ ತೂಗಾಡಿ, ಕೈಬೀಸುತ್ತಿದ್ದ. ಅದು ಅವನ ನಮಸ್ಕಾರ. ಮೇಸ್ತ್ರಿ ಎಷ್ಟು ಬೈದರೂ ಬಿಟ್ಟಿರಲಿಲ್ಲ.

"ಅತ್ತಿಗೇ, ನಂದೂ ಒಂದು ಮಾಡ್ಕೊಡಿ. ನನ್ನ ತೊಡೆ ನೋಡಿದ್ರೆ ನೀವು ಅತ್ತುಬಿಡ್ತೀರ" ಎಂದ ಆನೆಮರಿ.

"ನಿನ್ನ ತೊಡೆ ನೋಡೋ ಕರ್ಮ ನನಗ್ಯಾಕೋ! ನಿಂದಕ್ಕೆ ದೊಡ್ಡ ತೊಟ್ಟಿನೇ ಬೇಕು. ಕೆಲಸ ಕಡಿಮೆ ಇರೋ ದಿನ ತಗೊಂಡು ಬಾ" ಎಂದಳು ಅತ್ತಿಗೆ. ಮುಖ ಮಾತ್ರ ಬೆಳಗುತ್ತಿತ್ತು. ಕಾರ್ಖಾನೆಯಲ್ಲಿ ಯಾರೂ ಅವಳನ್ನು ಹಾಗೆ ಹೊಗಳಿರಲಿಲ್ಲ.

ಹೀಗೇ ಕೆಲವು ವಾರ ಕಳೆದವು. ಅಣ್ಣನ ಪ್ಯಾಂಟು ಒಗೆಯುವಾಗ ತೊಡೆಯ ಹತ್ತಿರ ಬಿಳಿ ಪುಡಿ ಕಾಣಿಸತೊಡಗಿತು. ಹಿಟ್ಟು ಚೆಲ್ಲಿದ ಹಾಗೆ. ಕೊಡವಿದರೆ ಹೋಗುತ್ತಿತ್ತು, ಮರುದಿನ ಮತ್ತೆ ಇರುತ್ತಿತ್ತು. ಬೆಲ್ಟಿನ ಹೊಲಿಗೆಯ ಮೇಲೆ ನವಿರಾದ ಜುಂಗು ಎದ್ದಿತ್ತು. "ಇದೇನೇ ಇದು, ಉದುರ್ತಾ ಇದೆ?" ಎಂದು ನಾನು ಕೇಳಿದ್ದಕ್ಕೆ, "ಸರಿಯಾಗಿ ತೊಳೆದಿಲ್ಲ ಅನ್ಸುತ್ತೆ. ಲ್ಯಾಬಿನಲ್ಲಿ ಕೇಳ್ತೀನಿ ಬಿಡು" ಎಂದಳು. ಎದೆಯ ಪಟ್ಟಿಯ ಬಾಲ ನೇತಾಡುತ್ತದೆ ಎಂದು ಅಣ್ಣ ಅದರ ತುದಿಯನ್ನು ಕತ್ತರಿಸಿ ಹಾಕಿದ್ದ, ಮಡಿಸಿ ಹೊಲಿದ ತುದಿ. ಅದನ್ನೇ ಕಾಗದದಲ್ಲಿ ಸುತ್ತಿಕೊಂಡಳು.

ಲ್ಯಾಬಿನಲ್ಲಿ ಇದ್ದವಳು ಭೂತಗನ್ನಡಿ ಮೇಡಂ. ದೊಡ್ಡ ಓದು ಓದಿ ಬಂದ ಹುಡುಗಿ, ನಮ್ಮ ಜೊತೆ ಕೂತು ಚಹಾ ಕುಡಿಯುತ್ತಿದ್ದಳು. ಬಟ್ಟೆಯ ಎಳೆಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪರದೆಯ ಮೇಲೆ ದೊಡ್ಡದು ಮಾಡಿ ನೋಡುವುದು ಅವಳ ಕೆಲಸ. ಬೆಳಗಿನ ಚಹಾದ ಬಿಡುವಿನಲ್ಲಿ ನಾವಿಬ್ಬರೂ ಹೋದೆವು.

"ಮೇಡಂ, ಇದರ ಪುಡಿ ನಿಲ್ಲೋಕೆ ಏನು ಹಾಕಿ ತೊಳೀಬೇಕು?" ಎಂದಳು ಅತ್ತಿಗೆ.

ಮೇಡಂ ತುಂಡನ್ನು ಬೆರಳಲ್ಲಿ ಬಗ್ಗಿಸಿದಳು. "ಎಷ್ಟು ಮೆತ್ತಗಿದೆ! ಯಾವ ಬಟ್ಟೆ ಇದು?" ಎನ್ನುತ್ತ ಕೆಲವು ಎಳೆ ಕಿತ್ತು ಗಾಜಿನ ಮೇಲೆ ಹರಡಿದಳು. ಪರದೆಯ ಮೇಲೆ ಚಿತ್ರ ಬಂತು. ಪಟ್ಟಿಯ ಒಳಗಿನ ಎಳೆಗಳು ಗಾಜಿನ ಕಡ್ಡಿಗಳ ಹಾಗೆ ನುಣ್ಣಗೆ, ದುಂಡಗೆ ಇದ್ದವು. ಅಲ್ಲಿಗೆ ಸೋಡಾ ಸರಿಯಾಗಿ ತಲುಪಿರಲಿಲ್ಲ. ಹೊರಗಿನವು ಅರ್ಧಕ್ಕರ್ಧ ತೆಳ್ಳಗಾಗಿದ್ದವು. ಮೈತುಂಬ ಗುಂಡಿಗಳು, ಉದ್ದುದ್ದಕ್ಕೆ, ಗೆದ್ದಲು ತಿಂದ ಮರದ ಹಾಗೆ. ಹೊಲಿಗೆಯ ದಾರವಂತೂ ಎಲ್ಲಕ್ಕಿಂತ ಹೊರಗೆ, ಎಲ್ಲಕ್ಕಿಂತ ಸಣ್ಣದು. ಅದರಲ್ಲಿ ಎಳೆ ಎನ್ನುವುದೇ ಹೆಚ್ಚು ಉಳಿದಿರಲಿಲ್ಲ.

"ಬಟ್ಟೆ ಅಲ್ಲ ಮೇಡಂ, ನಮ್ಮನೆಯವರ ಬೆಲ್ಟು. ಹಗ್ಗದ ಕೆಲಸದ್ದು" ಎಂದಳು ಅತ್ತಿಗೆ, ಇನ್ನೂ ಹೆಮ್ಮೆಯಿಂದಲೇ.

ಮೇಡಂ ಚಹಾ ಲೋಟ ಕೆಳಗಿಟ್ಟಳು. ತುಂಡನ್ನು ಎಳೆಯುವ ಯಂತ್ರದ ಎರಡು ದವಡೆಗಳ ನಡುವೆ, ಹೊಲಿಗೆ ಮಧ್ಯಕ್ಕೆ ಬರುವ ಹಾಗೆ ಸಿಕ್ಕಿಸಿ ಗುಂಡಿ ಒತ್ತಿದಳು. ಮುಳ್ಳು ಮೇಲೇರತೊಡಗಿತು. ನಾನು ಇನ್ನೂ ಏರುತ್ತದೆ ಎಂದುಕೊಂಡಿದ್ದೆ. ಪರ್ ಎಂದು ಹೊಲಿಗೆ ಬಿಟ್ಟುಕೊಂಡಿತು, ಮುಳ್ಳು ಸೊನ್ನೆಗೆ ಬಿತ್ತು. ತಡೆಯಬೇಕಾದದ್ದರಲ್ಲಿ ಕಾಲು ಪಾಲನ್ನೂ ತಡೆಯಲಿಲ್ಲ ಎಂದಳು ಮೇಡಂ.

"ಯಾಕೆ ಮೇಡಂ? ನಮ್ಮ ಬಟ್ಟೆ ಹರಿಯಲ್ಲವಲ್ಲ?" ಅತ್ತಿಗೆಯ ದನಿ ಸಣ್ಣಗಾಗಿತ್ತು.

"ನಿಮ್ಮ ಬಟ್ಟೆಗೆ ಯಾರೂ ಜೋತುಬೀಳಲ್ಲ. ನೋಡಿ, ಈ ಎಳೆ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ, ಉದ್ದ ಸರಪಳಿಗಳಿವೆ. ದಾರ ಮಾಡೋವಾಗ ಬಿಸಿಯಲ್ಲಿ ಹಿಡಿದು ಎಳೀತಾರೆ. ಆಗ ಅವೆಲ್ಲ ಬಾಚಿದ ಕೂದಲಿನ ಹಾಗೆ ಒಂದೇ ದಿಕ್ಕಿಗೆ ಸಾಲಾಗಿ ನಿಲ್ತವೆ. ಕೆಲವು ಕಡೆ ಒತ್ತಾಗಿ ಅಂಟಿಕೊಂಡಿರ್ತವೆ, ಕೆಲವು ಕಡೆ ಸಡಿಲ. ಒಂದೇ ದಿಕ್ಕಿಗೆ ನಿಂತಿರೋದ್ರಿಂದಲೇ ಭಾರ ಹೊರೋದು. ಅದಕ್ಕೇ ಬೆಲ್ಟು ಅಷ್ಟು ಒರಟಾಗಿರೋದು. ನೀವು ಸಡಿಲ ಬಿಟ್ಟು ಬೇಯಿಸಿದ್ರಿ. ಸಡಿಲ ಜಾಗದ ಸರಪಳಿಗಳು ಮತ್ತೆ ಮುದುರಿಕೊಂಡ್ವು. ಗಿಡ್ಡ ಆಯ್ತಲ್ವಾ?"

"ಎರಡು ಬೆರಳು" ಎಂದೆ ನಾನು.

"ಇನ್ನು ಈ ಗುಂಡಿಗಳು. ಬಟ್ಟೆ ಹರಿಯೋಕೆ ಮುಂಚೆ ಅಂಚಿಗೆ ಕತ್ತರಿಯಲ್ಲಿ ಒಂದು ಗಾಯ ಮಾಡ್ತೀವಲ್ಲ? ಆಮೇಲೆ ಎಳೆತ ಎಲ್ಲ ಅಲ್ಲಿಗೇ ಹೋಗುತ್ತೆ. ಇಲ್ಲಿ ಒಂದೊಂದು ಎಳೆಗೂ ಅಂಥ ಗಾಯ ಎಷ್ಟಿವೆ ನೋಡಿ. ಸುಮ್ಮನೆ ನೇತಾಡ್ತಾ ಇದ್ರೆ ತಡೀಬಹುದು. ಒಂದು ಜಗ್ಗು ಬಿದ್ರೆ..." ಮೇಡಂ ಅಲ್ಲಿಗೆ ನಿಲ್ಲಿಸಿ, "ಈಗೆಲ್ಲಿದ್ದಾರೆ ಅವರು?" ಎಂದಳು.

ಎಲ್ಲಿರುತ್ತಾನೆ, ಹಗ್ಗದ ಮೇಲೆ! ಅತ್ತಿಗೆ ಫೋನ್ ತೆಗೆದು ಅವನ ನಂಬರ್ ಒತ್ತುವುದಕ್ಕೂ ನಾನು ಅವಳ ಕೈ ಹಿಡಿದುಕೊಳ್ಳುವುದಕ್ಕೂ ಸರಿಹೋಯಿತು. "ಬೇಡ ಕಣೇ! ಜೇಬಲ್ಲಿ ಫೋನ್ ಬಡಕೊಂಡ್ರೆ ಅವನು ಮೈ ತಿರುಗಿಸಿ ತೆಗೀತಾನೆ." ಮೇಸ್ತ್ರಿಗೆ ಮಾಡಿದರೆ ಅವನದು ಬಂದ್ ಆಗಿತ್ತು. ಯಾರಿಗೂ ಹೇಳದೆ ಕೇಳದೆ ಬಸ್ ಹತ್ತಿದೆವು. ಹಾಳಾದ ಬಸ್ಸು ಪ್ರತಿ ನಿಲ್ದಾಣದಲ್ಲೂ ನಿಂತಿತು. ಅತ್ತಿಗೆ ಮುಂದಿನ ಸೀಟಿನ ಕಂಬಿ ಹಿಡಿದು, "ನಾನೇ ಮಾಡಿದ್ದು, ನಾನೇ ಮಾಡಿದ್ದು" ಎಂದು ಗೊಣಗುತ್ತಿದ್ದಳು. ನನಗೆ ಹೆದರಿಕೆಗೆ ಸಿಟ್ಟು ಬರುತ್ತದೆ, ಅದು ನನ್ನ ಹುಟ್ಟುಗುಣ. "ಬಾಯ್ಮುಚ್ಚೇ, ಅಪಶಕುನ ನುಡೀಬೇಡ" ಎಂದು ಗದರಿದೆ.

ಕಟ್ಟಡದ ಮುಂದೆ ಇಳಿದು ತಲೆಯೆತ್ತಿದರೆ ಅಣ್ಣ ಮೇಲೆ ಗಾಜಿಗೆ ಅಂಟಿಕೊಂಡ ಜೇಡದ ಹಾಗೆ ಕಂಡ. ಮೈಮೇಲೆ ಕಿತ್ತಳೆ ಪಟ್ಟಿ. ಕೂಗುವ ಹಾಗಿಲ್ಲ. ಕೂಗಿದರೆ ತಿರುಗುತ್ತಾನೆ, ಗಾಬರಿಬಿದ್ದರೆ ಜಗ್ಗುತ್ತಾನೆ. ಅವನು ಒಂದೊಂದೇ ಗಾಜು ಒರೆಸಿ ಇಳಿಯುವವರೆಗೆ ನಾವು ಅಲ್ಲೇ ನಿಂತೆವು. ನಡುವೆ ಒಂದು ಕಡೆ ಕೊಳೆ ಹೋಗಲಿಲ್ಲವೋ ಏನೋ, ಮೈಯೆಲ್ಲ ಬಳುಕಿಸಿ ಉಜ್ಜಿದ. ಅತ್ತಿಗೆ ತನ್ನ ಮುಂಗೈಯನ್ನು ತಾನೇ ಕಚ್ಚಿಕೊಂಡಿದ್ದಳು, ರಕ್ತ ಬಂದದ್ದು ಅವಳಿಗೆ ಗೊತ್ತಾಗಲಿಲ್ಲ.

ಕಾಲು ನೆಲಕ್ಕೆ ತಾಗಿದ ಮೇಲೆ ಅಣ್ಣ ನಮ್ಮನ್ನು ನೋಡಿ ಹಲ್ಲು ಕಿರಿದ. "ಏನೇ ಇಬ್ರೂ? ಕೆಲಸದಿಂದ ಓಡಿಸಿದ್ರಾ?"

ಅತ್ತಿಗೆ ಓಡಿಹೋಗಿ ಅವನ ಬೆಲ್ಟಿಗೆ ಕೈಹಾಕಿದಳು. ಪಟ್ಟಿಯನ್ನು ಹೆಬ್ಬೆರಳಿನಿಂದ ತಿಕ್ಕಿದಳು, ಇನ್ನೊಂದು ಸಲ ತಿಕ್ಕಿದಳು. ಒರಟು. ಹಲಗೆಯಂಥ ಒರಟು.

"ಇದು ನಿಮ್ದಲ್ಲ!"

"ಅಲ್ಲ. ಅವನ ತೊಡೆ ಹುಣ್ಣಾಗಿತ್ತು ಕಣೇ, ನೋಡೋಕಾಗ್ತಿರಲಿಲ್ಲ. ನಿನ್ನೆಯಿಂದ ಬದಲಾಯಿಸಿಕೊಂಡಿದ್ದೀವಿ, ಪಟ್ಟಿ ಪೂರ್ತಿ ಸಡಿಲ ಬಿಟ್ರೆ ಅವನಿಗೂ ಹಿಡಿಸುತ್ತೆ."

ಅತ್ತಿಗೆಗೆ ಹೋದ ಜೀವ ಬಂದಂತಾಯಿತು. ನಕ್ಕುಬಿಟ್ಟಳು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ನಮ್ಮವನು ಉಳಿದ ಎಂದು ನಕ್ಕೆವು. ಆ ನಗು ಇನ್ನೂ ಬಾಯಲ್ಲಿರುವಾಗಲೇ ಅವನು ಯಾರು ಎಂಬುದು ನಮಗಿಬ್ಬರಿಗೂ ಹೊಳೆಯಿತು.

"ಆನೆಮರಿ ಎಲ್ಲಿ?"

"ಹಿಂದಿನ ಗೋಡೆಗಿದ್ದಾನೆ. ಯಾಕೆ?"

ಅತ್ತಿಗೆ ಹೇಳಿದಳು. ಅಣ್ಣ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಅಲ್ಲೇ ಎಸೆದ. ಇನ್ನೊಂದು ಬೆಲ್ಟು ತೆಗೆದುಕೊಂಡು ತಾರಸಿಯಿಂದ ಅವನ ಪಕ್ಕಕ್ಕೇ ಇಳಿಯುತ್ತೇನೆ, ಅವನ ಎದೆಗೆ ಅದನ್ನು ಕಟ್ಟಿ ನನ್ನ ಹಗ್ಗಕ್ಕೆ ಸಿಕ್ಕಿಸಿಕೊಳ್ಳುತ್ತೇನೆ ಎಂದ. "ನೀವು ಅವನ ಕಣ್ಣಿಗೆ ಬೀಳಬೇಡಿ. ಕಂಡ್ರೆ ಒದೀತಾನೆ" ಎಂದು ಹೇಳಿ ಓಡಿದ.

ಹಿಂದಿನ ಓಣಿಯಲ್ಲಿ ನಿಲ್ಲಿಸಿದ್ದ ವ್ಯಾನಿನ ಮರೆಯಲ್ಲಿ ನಾವು ಕುಕ್ಕರುಗಾಲಲ್ಲಿ ಕೂತೆವು. ಆನೆಮರಿ ಅರ್ಧ ಗೋಡೆಗೆ ಬಂದಿದ್ದ, ಏನೋ ಹಾಡಿಕೊಳ್ಳುತ್ತಿದ್ದ. ದೊಡ್ಡ ದೇಹ ಹಗ್ಗದಲ್ಲಿ ಮೆಲ್ಲಗೆ ಅತ್ತಿತ್ತ ಓಲಾಡುತ್ತಿತ್ತು. ಅಣ್ಣ ಮೇಲೆ ಅಂಚಿನಲ್ಲಿ ಕಾಣಿಸಿದ, ಇಳಿಯತೊಡಗಿದ. ಇನ್ನು ಎರಡು ಆಳೆತ್ತರದ ಅಂತರವಿರುವಾಗ ಆನೆಮರಿ ತಲೆಯೆತ್ತಿದ.

"ಓಹೋ! ನನ್ನ ಗೋಡೆಗೇ ಬಂದ್ಯಾ? ಪಂದ್ಯಾನಾ?"

"ಅಲ್ಲಾಡಬೇಡ. ಅಲ್ಲೇ ಇರು, ಮಾರಾಯ, ಅಲ್ಲಾಡಬೇಡ" ಎಂದ ಅಣ್ಣ.

ಇಳಿಯುವ ಪಂದ್ಯದಲ್ಲಿ ಅಣ್ಣ ಯಾವಾಗಲೂ ಅವನನ್ನು ಗೆಲ್ಲುವುದಕ್ಕೆ ಹೀಗೇ ಏನಾದರೂ ಹೇಳುತ್ತಿದ್ದನಂತೆ, ಆಮೇಲೆ ತಾನು ಸರ್ರನೆ ಇಳಿದುಬಿಡುತ್ತಿದ್ದನಂತೆ. ಆನೆಮರಿ ಗಹಗಹಿಸಿ ನಕ್ಕ. ಎರಡೂ ಕಾಲು ಮಡಚಿ ಗೋಡೆಯನ್ನು ಒದ್ದ.

ಹೊರಗೆ ತೂಗಿ ಹೋದವನು ವಾಪಸು ಬರುವಾಗ ಬಟ್ಟೆ ಅಂಗಡಿಯಲ್ಲಿ ಬಟ್ಟೆ ಹರಿದ ಹಾಗೆ ಒಂದು ಸದ್ದು ಬಂತು, ಅಷ್ಟೇ. ಒಂದು ತೊಡೆಯ ಪಟ್ಟಿ ಬಿಟ್ಟಿತು, ಅವನು ಪಕ್ಕಕ್ಕೆ ವಾಲಿದ, ಆ ವಾಲಿದ ಭಾರಕ್ಕೆ ಇನ್ನೊಂದೂ ಬಿಟ್ಟಿತು, ಹಿಂದೆಯೇ ಸೊಂಟದ್ದೂ ಎದೆಯದ್ದೂ. ಅಣ್ಣ ಚಾಚಿದ ಕೈ ಅವನ ಅಂಗಿಗೆ ತಾಗಿತಂತೆ. ಆಮೇಲೆ ಎರಡು ಹಗ್ಗಗಳೂ ಗಟ್ಟಿಯಾಗಿ, ಹರಿಯದೆ, ಬರಿದೇ ನೇತಾಡುತ್ತಿದ್ದವು. ಕೆಳಗಿನದನ್ನು ನಾನು ಹೇಳುವುದಿಲ್ಲ.

ಮೇಸ್ತ್ರಿ ಬಂದ, ಪೊಲೀಸರು ಬಂದರು. ಒಬ್ಬರು ಕಾಲು ಜಾರಿತು ಎಂದರು, ಒಬ್ಬರು ಆಟವಾಡುತ್ತಿದ್ದ ಎಂದರು, ಇನ್ನೊಬ್ಬರು ಅಷ್ಟು ದಪ್ಪದವನನ್ನು ಹಗ್ಗಕ್ಕೆ ಹಾಕಿದ್ದೇ ತಪ್ಪು ಎಂದರು. ಬೆಲ್ಟು ಮೆತ್ತಗಿದ್ದದ್ದನ್ನು ಯಾರೂ ಕೇಳಲಿಲ್ಲ. ಅಣ್ಣ ಅತ್ತಿಗೆಯ ಕಿವಿಯಲ್ಲಿ, "ಬಾಯಿ ಬಿಡಬೇಡ" ಎಂದ. ನಾನೂ ಅದನ್ನೇ ಹೇಳಿದೆ, ಈಗ ಕೇಳಿದರೂ ಅದನ್ನೇ ಹೇಳುತ್ತೇನೆ. ಹೋದವನು ಹೋದ, ಇದ್ದವಳನ್ನು ಜೈಲಿಗೆ ಕಳಿಸುವುದಕ್ಕೆ ನನಗೇನು ಹುಚ್ಚೇ?

ಅತ್ತಿಗೆ ಮೂರು ಹೊತ್ತೂ ಗೋಡೆಗೊರಗಿ ಕೂತಳು. ಅನ್ನ ಕಲಸಿ ಬಾಯಿಗಿಟ್ಟರೆ ಬಾಯಲ್ಲೇ ಉಳಿಯುತ್ತಿತ್ತು. ಒಂದು ಮಧ್ಯಾಹ್ನ ಎದ್ದು, ತಲೆ ಬಾಚಿಕೊಂಡು ಚಪ್ಪಲಿ ಮೆಟ್ಟಿದಳು. ಎಲ್ಲಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. ಅಡ್ಡ ನಿಂತೆ, ರಟ್ಟೆ ಹಿಡಿದು ಎಳೆದೆ, ಬೈದೆ. ಕೊನೆಗೆ ನಾನೂ ಹಿಂದೆಯೇ ಹೋದೆ.

ಆನೆಮರಿಯ ತಾಯಿಯದು ಮೆಟ್ಟಿಲ ಕೆಳಗಿನ ಒಂದು ಕೋಣೆ. ಒಳಗೆ ಕಟ್ಟಿದ್ದ ತಂತಿಯ ಮೇಲೆ ಅವನ ಅಗಲದ ಅಂಗಿಗಳು ಎಂದೋ ಒಣಗಿದ್ದವು, ತೆಗೆದಿರಲಿಲ್ಲ. ಮುದುಕಿ ಚಾಪೆಯ ಮೇಲೆ ಕೂತಿದ್ದಳು. ಅತ್ತಿಗೆ ಅವಳ ಎದುರು ನೆಲದಲ್ಲೇ ಕೂತು ಎಲ್ಲ ಹೇಳಿದಳು. ಸೋಡಾ, ಪಾತ್ರೆ, ದುಪ್ಪಟ್ಟು ಹೊತ್ತು, ಗುಂಡಿ ಬಿದ್ದ ಎಳೆ, ಪರದೆಯ ಮೇಲೆ ಕಂಡದ್ದು, ಯಾವುದನ್ನೂ ಬಿಡಲಿಲ್ಲ. ಮುದುಕಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಮುಂದಕ್ಕೆ ಬಾಗಿ ಅತ್ತಿಗೆಯ ಮುಖ ನೋಡಿದಳು.

"ಅಂದ್ರೆ ಆ ಬೆಲ್ಟು ಮೆತ್ತಗೆ ಮಾಡಿದ್ದು ನೀನೇನಾ ತಾಯಿ?"

"ನಾನೇ ಅಮ್ಮ."

"ಹಿಂದಿನ ದಿನ ಸಂಜೆ ಬಂದವನು ಇಲ್ಲೇ ಕಾಲು ಚಾಚಿ ಕೂತಿದ್ದ. ಅಮ್ಮಾ, ಇವತ್ತು ತೊಡೆ ಉರೀಲಿಲ್ಲ ಕಣಮ್ಮ ಅಂದ. ಜೊತೆಗಾರನ ಹೆಂಡ್ತಿ ಮೆತ್ತಗೆ ಮಾಡಿದ್ದಾರೆ, ಆ ತಾಯಿ ಹೊಟ್ಟೆ ತಣ್ಣಗಿರಲಿ ಅಂದ. ನಾನೂ ಹಾಗೇ ಅಂದೆ."

ಅತ್ತಿಗೆ ಮುದುಕಿಯ ಎರಡೂ ಕಾಲು ಹಿಡಿದುಕೊಂಡಳು. "ಬೈಯಮ್ಮ. ಒಂದು ಸಲ ಬೈದುಬಿಡು. ನಿನ್ನ ಮನೆ ಹಾಳಾಗಲಿ ಅಂದುಬಿಡು."

ಮುದುಕಿ ಬೈಯಲಿಲ್ಲ. ಅತ್ತಿಗೆಯ ಕೈಗಳನ್ನು ತನ್ನ ಕಾಲಿನಿಂದ ಬಿಡಿಸಿ, ತಿರುಗಿಸಿ ನೋಡಿದಳು. ಬಿರುಕುಗಳ ಮೇಲೆ ಬೆರಳಾಡಿಸಿ, "ಉರಿಯುತ್ತಾ?" ಎಂದು ಕೇಳಿದಳು.